ಅರ್ಧ ಕೆಜಿ ಅಕ್ಕ

ಅವನ ಅಂಗಡಿಯಲ್ಲಿ ನಾನು ಮೊದಲ ದಿನ ಮಾಡಿದ್ದೇ ಜಗಳ.

"ಮುಳ್ಳು ಇನ್ನೂ ನೆಟ್ಟಗೆ ನಿಂತಿಲ್ಲ, ಅಷ್ಟರಲ್ಲೇ ತಟ್ಟೆ ಎತ್ತಿಬಿಟ್ರಲ್ಲ?" ಅಂದಿದ್ದೆ.

ತರಕಾರಿಯವನು ಆಲೂಗಡ್ಡೆಯ ತಟ್ಟೆಯನ್ನು ಮತ್ತೆ ತಕ್ಕಡಿಯ ಮೇಲಿಟ್ಟ. ಮೇಜಿನ ಮೇಲೆ ಕೂರಿಸಿದ ಹಳೇ ಕಬ್ಬಿಣದ ತಕ್ಕಡಿ ಅದು. ಎಡಕ್ಕೆ ತೂಕದ ಕಲ್ಲು, ಬಲಕ್ಕೆ ತರಕಾರಿ, ನಡುವೆ ಮುಳ್ಳು. ನಾನು ಬಗ್ಗಿ ಮುಳ್ಳನ್ನೇ ನೋಡುತ್ತಾ ನಿಂತೆ.

"ನೀವು ಹೀಗೆ ದಿಟ್ಟಿಸಿದ್ರೆ ಮುಳ್ಳಿಗೂ ನಾಚಿಕೆ ಆಗುತ್ತೆ ಕಣ್ರೀ."

"ಆಗ್ಲಿ ಬಿಡಿ. ಮನೇಲಿ ಆರು ಜನ ಇದ್ದೀವಿ. ನಾಚಿಕೆ ಬೇಯಿಸಿ ಬಡಿಸೋಕಾಗಲ್ಲ."

ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂಚೂರು ಮೊದಲೇ ಮುಚ್ಚಿಕೊಳ್ಳುತ್ತದೆ. ಅದನ್ನು ನಾನು ಮೊದಲ ದಿನವೇ ಗಮನಿಸಿದ್ದೆ ಎಂದು ಒಪ್ಪಿಕೊಳ್ಳಲು ಈಗಲೂ ಮೈ ಉರಿಯುತ್ತದೆ. ಮುಳ್ಳು ನೆಟ್ಟಗೆ ನಿಂತಮೇಲೆ ಅವನು ಒಂದು ಟೊಮೆಟೊ ಎತ್ತಿ ಚೀಲಕ್ಕೆ ಹಾಕಿದ. ನಾನು ಅದನ್ನು ತೆಗೆದು ವಾಪಸ್ ಬುಟ್ಟಿಗೆ ಹಾಕಿದೆ. ಬಿಟ್ಟಿ ಬಂದದ್ದು ನಮ್ಮ ಮನೆಯಲ್ಲಿ ಬೇಯುವುದಿಲ್ಲ ಅಂದೆ. ಅಷ್ಟು ಸೊಕ್ಕು ನನಗೆ.

ಸೊಕ್ಕು ಬಿಟ್ಟರೆ ನನ್ನ ಹತ್ತಿರ ಬೇರೇನಿತ್ತು? ಬೆಳಗಿನಿಂದ ಸಂಜೆಯವರೆಗೆ ಗುಂಡಿ ಫ್ಯಾಕ್ಟರಿಯಲ್ಲಿ ಶರ್ಟಿನ ಗುಂಡಿ ಆರಿಸುವ ಕೆಲಸ. ಮನೆಗೆ ಬಂದರೆ ಅಜ್ಜಿ, ಮಂಡಿ ನೋವಿನ ಅಪ್ಪ, ಅಣ್ಣ, ಅತ್ತಿಗೆ, ಅವರ ಮಗಳು ಪುಟ್ಟಿ. ಅಮ್ಮ ಹೋದಮೇಲೆ ರಾತ್ರಿಯ ಅಡುಗೆ ನನ್ನ ಪಾಲಿಗೆ ಬಂತು. ಏನೇ ತಂದರೂ ಒಟ್ಟು ಅರ್ಧ ಕೆಜಿ ತರಕಾರಿ, ಅದಕ್ಕಿಂತ ಒಂದು ಗ್ರಾಂ ಹೆಚ್ಚಿಲ್ಲ. ಈರುಳ್ಳಿಯನ್ನು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬಾಡಿಸುತ್ತೇನೆ, ಎಣ್ಣೆ ಉಳಿಯುತ್ತದೆ. ಆಲೂಗಡ್ಡೆಯನ್ನು ಉಗುರಿನಷ್ಟು ಚಿಕ್ಕದಾಗಿ ಹೆಚ್ಚುತ್ತೇನೆ, ಪ್ರತಿ ಚಮಚಕ್ಕೂ ಒಂದು ಸಿಗುತ್ತದೆ. ಎಲೆಕೋಸಿನ ದಿಂಡನ್ನು ಬಿಸಾಡುವುದಿಲ್ಲ, ಸಿಪ್ಪೆ ತೆಗೆದು ಬೇಳೆಯ ಜೊತೆ ಬೇಯಲು ಬಿಡುತ್ತೇನೆ. ಇಳಿಸುವ ಮುಂಚೆ ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಗೆ ಹುರಿದು ಮೇಲೆ ಸುರಿದರೆ ಬೀದಿಯ ತುದಿಯವರೆಗೂ ಘಮ. ನಿನ್ನೆಯ ಬ್ರೆಡ್ಡನ್ನು ಅದೇ ಬಾಣಲೆಯಲ್ಲಿ ಬಿಸಿ ಮಾಡಿದರೆ ಊಟ ಆಯಿತು.

ಮೊದಮೊದಲು ಅದು ಸಾಲುತ್ತಿರಲಿಲ್ಲ. ಆಮೇಲೆ ಏನಾಯಿತೋ, ಸಾಲತೊಡಗಿತು. ಆರು ತಟ್ಟೆ ತುಂಬಿಯೂ ಪಾತ್ರೆಯಲ್ಲಿ ಒಂದು ಸೌಟು ಉಳಿಯುತ್ತಿತ್ತು. "ಇವಳ ಕೈಗುಣ ನೋಡು," ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು.

ಕೈಗುಣದ ಸುದ್ದಿ ಲೈಬ್ರರಿ ಮೇಡಂ ಕಿವಿಗೆ ಬಿತ್ತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪ್ರತಿ ಶನಿವಾರ ಮಧ್ಯಾಹ್ನ, ಫ್ಯಾಕ್ಟರಿ ಅರ್ಧ ದಿನಕ್ಕೇ ಬಿಟ್ಟಮೇಲೆ, ನನ್ನ ಕ್ಲಾಸು ಶುರುವಾಯಿತು. ಒಂದು ಸ್ಟವ್, ಒಂದು ಪಾತ್ರೆ, ಹನ್ನೆರಡು ಹೆಂಗಸರು. 'ಅರ್ಧ ಕೆಜಿಯಲ್ಲಿ ಆರು ಜನಕ್ಕೆ ಊಟ' ಎಂದು ಒಂದು ಹಾಳೆ ಬರೆದು ಜೆರಾಕ್ಸ್ ಮಾಡಿ ಹಂಚಿದೆವು. ಬೀದಿಯಲ್ಲಿ ಜನ ನನ್ನನ್ನು ಅರ್ಧ ಕೆಜಿ ಅಕ್ಕ ಅನ್ನತೊಡಗಿದರು. ಹುಟ್ಟಿದಂದಿನಿಂದ ಯಾರೂ ನನ್ನನ್ನು ಯಾವುದಕ್ಕೂ ಗುರುತಿಸಿರಲಿಲ್ಲ. ಸುಳ್ಳೇಕೆ ಹೇಳಲಿ, ನೆಲದಿಂದ ಒಂದು ಗೇಣು ಮೇಲೆಯೇ ನಡೆದಾಡುತ್ತಿದ್ದೆ.

ತರಕಾರಿ ಮಾತ್ರ ಅವನ ಅಂಗಡಿಯದೇ. ನಾನು ರಸ್ತೆ ದಾಟುವುದು ಕಂಡರೆ ಸಾಕು, ಅವನ ಕೈ ಮೇಜಿನ ಕೆಳಗೆ ಹೋಗುತ್ತಿತ್ತು. ಕೈ ಒರೆಸುವ ಬಟ್ಟೆ ತೆಗೆದು ಬೆರಳು ಒಂದೊಂದಾಗಿ ಒರೆಸಿಕೊಂಡು ತೂಗಲು ನಿಲ್ಲುತ್ತಿದ್ದ. ನನ್ನೆದುರು ಕೈ ಚೊಕ್ಕಟವಾಗಿರಲಿ ಎಂದು ಹಾಗೆ ಮಾಡುತ್ತಾನೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

"ಇವತ್ತು ಯಾಕೆ ಲೇಟು?" ಅನ್ನುತ್ತಿದ್ದ.

"ನಿಮಗ್ಯಾಕೆ ಅದೆಲ್ಲ? ತೂಗಿ."

"ಮುಳ್ಳು ಕಾಯ್ತಾ ಇತ್ತು, ಅದಕ್ಕೇ ಕೇಳಿದೆ."

ನಾನು ಮುಳ್ಳನ್ನು ನೋಡುತ್ತಿದ್ದೆ, ಅವನು ನನ್ನನ್ನು. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಬಗ್ಗಿ ನಿಲ್ಲುವುದನ್ನು ಒಂದಿಷ್ಟು ಉದ್ದ ಮಾಡುತ್ತಿದ್ದೆ. ಹೀಗೆ ಒಂದು ವರ್ಷ. ಕಳೆದ ತಿಂಗಳು ಅವನು ಆಲೂಗಡ್ಡೆಯ ಮಣ್ಣು ಕೆರೆಯುತ್ತಾ, ತಲೆ ಎತ್ತದೆ, "ಒಂದಿನ ನಿಮ್ಮ ಕೈ ಊಟ ಮಾಡ್ಬೇಕು ಅಂತ ಆಸೆ," ಅಂದ. ನಾನು ಭಾನುವಾರ ಅವನನ್ನು ಮನೆಗೆ ಕರೆಯಬೇಕು, ಅಪ್ಪನಿಗೆ ಹೇಳಿಬಿಡಬೇಕು ಎಂದು ನಿರ್ಧರಿಸಿದ್ದೆ.

ಅದರ ಹಿಂದಿನ ದಿನ ಶನಿವಾರ.

ಕ್ಲಾಸಿಗೆ ಬರುವ ಟೈಲರ್ ಅಕ್ಕ ಚೀಲದಿಂದ ಅಡುಗೆಮನೆಯ ಪುಟ್ಟ ಎಲೆಕ್ಟ್ರಿಕ್ ತಕ್ಕಡಿ ತೆಗೆದು ಟೇಬಲ್ಲಿನ ಮೇಲಿಟ್ಟಳು. "ಬೇಜಾರು ಮಾಡ್ಕೋಬೇಡ ಕಣಮ್ಮಾ. ನಮ್ಮನೇಲೂ ಆರೇ ಜನ. ನೀನು ಹೇಳ್ದಂಗೆ ಮೂರು ಸಲ ಮಾಡ್ದೆ. ಮೂರು ಸಲಾನೂ ಎಲ್ಲರಿಗೂ ಬಡಿಸಿದ್ಮೇಲೆ ನಾನು ಪಾತ್ರೆ ತಳ ಕೆರ್ಕೊಂಡು ತಿನ್ನೋದೇ ಆಯ್ತು. ನಿನ್ ಅರ್ಧ ಕೆಜಿ ಎಷ್ಟಿದೆ ನೋಡೋಣ."

"ನೋಡಿ, ಅದಕ್ಕೇನಂತೆ?" ಅಂದೆ. ಆಗ ತಾನೇ ಅವನ ಅಂಗಡಿಯಿಂದ ತಂದ ಚೀಲವನ್ನು ನಾನೇ ಎತ್ತಿ ತಕ್ಕಡಿಯ ಮೇಲಿಟ್ಟೆ.

ಏಳುನೂರು ಗ್ರಾಂ.

ತೆಗೆದು ಮತ್ತೆ ಇಟ್ಟೆ. ಏಳುನೂರು. ತಕ್ಕಡಿ ಕೆಟ್ಟಿದೆ ಅಂದೆ. ಮೇಡಂ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ತಂದು ಇಟ್ಟರು. ಸರಿಯಾಗಿ ಒಂದು ಕೆಜಿ ತೋರಿಸಿತು.

ಯಾರೋ ಕಿಸಕ್ಕನೆ ನಕ್ಕರು. "ತರಕಾರಿ ಅಂಗಡಿಯವನು ತೂಗಿದ್ದು ತಾನೇ? ನಮಗೆ ಹಾಗೆ ತೂಗಲ್ಲಪ್ಪ ಅವನು!" ಇನ್ನೊಬ್ಬಳು, "ಅರ್ಧ ಕೆಜಿ ಅಕ್ಕ ಅಲ್ಲ, ಮುಕ್ಕಾಲು ಕೆಜಿ ಅಕ್ಕ," ಅಂದಳು. ಇಡೀ ಕೋಣೆ ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಹಾಳೆಗಳನ್ನೆಲ್ಲ ವಾಪಸ್ ಕೂಡಿಸಿಕೊಂಡು, "ಮುಂದಿನ ಶನಿವಾರ ಸರಿಯಾದ ಅಳತೆ ತಗೊಂಡು ಬನ್ನಿ. ಇಲ್ಲಾಂದ್ರೆ ಕ್ಲಾಸು ನಿಲ್ಲಿಸಬೇಕಾಗುತ್ತೆ," ಅಂದರು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ನೆಟ್ಟಗೆ ಅಂಗಡಿಗೆ ಹೋದೆ. ಸಂಜೆಯ ಗಿರಾಕಿಗಳು ಇನ್ನೂ ಬಂದಿರಲಿಲ್ಲ. ನನ್ನನ್ನು ಕಂಡದ್ದೇ ಅವನ ಕೈ ಮೇಜಿನ ಕೆಳಗೆ ಹೋಯಿತು, ಬಟ್ಟೆ ಹೊರಬಂತು, ಬೆರಳು ಒರೆಸಿಕೊಂಡ.

"ಅರ್ಧ ಕೆಜಿ ಆಲೂಗಡ್ಡೆ," ಅಂದೆ.

"ಮಧ್ಯಾಹ್ನ ತಾನೇ ತಗೊಂಡ್ರಿ?"

"ತೂಗಿ."

ತೂಗಿದ. ಮುಳ್ಳು ನೆಟ್ಟಗೆ ನಿಂತಿತು. ನಾನು ಬಗ್ಗಲಿಲ್ಲ. ಕೈ ಚಾಚಿ ತೂಕದ ಕಲ್ಲಿದ್ದ ತಟ್ಟೆಯನ್ನು ಎತ್ತಿ ತಿರುಗಿಸಿದೆ. ಕಲ್ಲು ಟೊಮೆಟೊ ಬುಟ್ಟಿಗೆ ಬಿತ್ತು. ತಟ್ಟೆಯ ಅಡಿಯಲ್ಲಿ ಹಳೇ ಸ್ಪೀಕರಿನ ದುಂಡನೆ ಮ್ಯಾಗ್ನೆಟ್ ಅಂಟಿಕೊಂಡು ಕೂತಿತ್ತು.

ಬಟ್ಟೆಯ ಜೊತೆ ದಿನವೂ ಮೇಲೆ ಬರುತ್ತಿದ್ದದ್ದು ಅದು. ನಾನು ಹಿಗ್ಗಿದ್ದು ಅದಕ್ಕೆ. ಥೂ ನನ್ನ ಜನ್ಮಕ್ಕೆ!

"ಬೇರೆಯವರು ಮ್ಯಾಗ್ನೆಟ್ ಹಾಕಿ ಕಡಿಮೆ ತೂಗ್ತಾರೆ," ಅಂದೆ. "ನೀನು ಜಾಸ್ತಿ ತೂಗಿದೆ. ದೊಡ್ಡ ಮನುಷ್ಯ ಕಣೋ ನೀನು."

ಒಂದು ವರ್ಷದ 'ನೀವು' ಹೀಗೆ 'ನೀನು' ಆಯಿತು. ಎಂಥೆಂಥ ಕನಸು ಕಂಡಿದ್ದೆ ಆ ಒಂದು ಪದಕ್ಕಾಗಿ.

"ನೀವು ಟೊಮೆಟೊ ಕೊಟ್ರೂ ವಾಪಸ್ ಹಾಕ್ತಿದ್ರಿ," ಅಂದ ಅವನು ಮೆಲ್ಲಗೆ. "ನೀವು ಬರೋಕೆ ಶುರು ಮಾಡಿದ ವಾರಾನೇ ಎರಡು ಸಲ ಅಂಗಡಿ ಕಂಬ ಹಿಡ್ಕೊಂಡು ನಿಂತ್ರಿ. ಬಿಸಿಲು ಅಂದ್ರಿ. ಅವತ್ತು ಬಿಸಿಲಿರಲಿಲ್ಲ."

"ಅದಕ್ಕೆ ಕರುಣೆ ತೋರಿಸಿದ್ಯಾ?"

"ಕರುಣೆ ಆಗಿದ್ರೆ ಎಲ್ಲರಿಗೂ ತೋರಿಸ್ತಿದ್ದೆ."

"ಪ್ರೀತಿ ಆಗಿದ್ರೆ ನೀನು ಬಾಯಿ ಬಿಟ್ಟು ಹೇಳ್ತಿದ್ದೆ!" ಎಂದು ಕಿರುಚಿದೆ. ಎದುರಿನ ಸೈಕಲ್ ಅಂಗಡಿಯವನು ತಿರುಗಿ ನೋಡಿದ. ನೋಡಲಿ. "ನನ್ನ ಹತ್ರ ಏನಿತ್ತು ಹೇಳು? ಅರ್ಧ ಕೆಜಿಯಲ್ಲಿ ಆರು ಜನರ ಹೊಟ್ಟೆ ತುಂಬಿಸ್ತೀನಿ ಅನ್ನೋದೊಂದು ಬಿಟ್ರೆ? ಅದನ್ನೂ ಕಿತ್ಕೊಂಡೆ. ಹನ್ನೆರಡು ಜನ ನನ್ನ ಮಾತು ನಂಬಿ ಮನೇಲಿ ಅರೆಹೊಟ್ಟೇಲಿದ್ರು, ಗೊತ್ತಾ? ಒಂದು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿ, ನಗ್ತಾ ನಿಂತಿದ್ಯಲ್ಲ, ಒಂದಿನಾನೂ ಹೇಳ್ಬೇಕು ಅನ್ನಿಸಲಿಲ್ವಾ?"

"ದಿನಾ ಅನ್ನಿಸ್ತಿತ್ತು. ಹೇಳಿದ್ರೆ ನೀವು ಬರಲ್ಲ ಅಂತ ಭಯ."

"ಈಗ ಮಾತ್ರ ಬರ್ತೀನಾ? ಎಲ್ಲರಿಗೂ ತೂಗೋ ಹಾಗೆ ತೂಗಿ ಕೊಡು."

ಅವನು ತೂಗಿದ. ಚೀಲ ಎಷ್ಟು ಹಗುರವಾಗಿತ್ತೆಂದರೆ, ಮನೆ ಮುಟ್ಟುವವರೆಗೂ ನನಗೆ ಅದರದೇ ಯೋಚನೆ. ಮ್ಯಾಗ್ನೆಟ್ಟನ್ನು ಅಂಗಡಿಯಲ್ಲಿ ಬಿಟ್ಟು ಬರಲಿಲ್ಲ. ಅದು ನನ್ನ ಪರ್ಸಿನಲ್ಲಿ ಗುಂಡಿ ಫ್ಯಾಕ್ಟರಿಯ ಬೀಗದ ಕೈಯನ್ನು ಕಚ್ಚಿಕೊಂಡು ಕೂತಿತ್ತು.

ಅವತ್ತು ಸಂಜೆ ಹಲ್ಲು ಕಚ್ಚಿ ಅಡುಗೆ ಮಾಡಿದೆ. ನನ್ನ ಕೈಗುಣ ಇದೆಯೋ ಇಲ್ಲವೋ ನೋಡಿಯೇಬಿಡೋಣ ಎಂದು ಆಲೂಗಡ್ಡೆಯನ್ನು ಎಂದಿಗಿಂತ ಸಣ್ಣಗೆ ಹೆಚ್ಚಿದೆ. ಸಿಪ್ಪೆಯನ್ನೂ ತೊಳೆದು ಬೇಳೆಯ ಜೊತೆ ಬೇಯಿಸಿದೆ. ಬೆಳ್ಳುಳ್ಳಿ ಎರಡು ಎಸಳು ಹೆಚ್ಚಿಗೆ ಹಾಕಿದೆ. ಕಣ್ಣೀರು ಬರುತ್ತಿತ್ತು, ಈರುಳ್ಳಿ ಅಂದುಕೊಂಡೆ. ಆದರೆ ಈರುಳ್ಳಿ ಆಗಲೇ ಬೆಂದು ಹೋಗಿತ್ತು.

ಬಡಿಸಿದೆ. ಅಜ್ಜಿಗೆ, ಅಪ್ಪನಿಗೆ, ಅಣ್ಣನಿಗೆ, ಅತ್ತಿಗೆಗೆ, ಪುಟ್ಟಿಗೆ. ಐದು ತಟ್ಟೆ ಚೆನ್ನಾಗಿಯೇ ತುಂಬಿತು. ಪಾತ್ರೆಯಲ್ಲಿ ಸೌಟು ಆಡಿಸಿದರೆ ಬರೀ ಸದ್ದು.

"ನಿಂಗೆ?" ಅಂದಳು ಅತ್ತಿಗೆ.

"ನಂದಾಯ್ತು, ಆಗಲೇ ತಿಂದೆ," ಎಂಬ ಮಾತು ನನ್ನನ್ನು ಕೇಳದೆಯೇ ಬಾಯಿಂದ ಹೊರಬಿತ್ತು.

ಅಜ್ಜಿ ಚಮಚ ಕೆಳಗಿಟ್ಟಳು. "ಮತ್ತೆ ಶುರು ಮಾಡಿದ್ಯಾ ಹಳೇ ನಾಟಕ? ಒಂದು ವರ್ಷದಿಂದ ನಮ್ಮ ಜೊತೆ ಕೂತು ಉಣ್ತಿದ್ದೆ. ಮೈಗೆ ಒಂಚೂರು ಕಳೆ ಬಂದಿತ್ತು. ಇವತ್ತೇನಾಯ್ತು?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹಳೇ ನಾಟಕ. ನಾನೇ ಮರೆತಿದ್ದೆ. ಅಮ್ಮ ಹೋದಮೇಲೆ ಎಷ್ಟು ಸಂಜೆ ಅಡುಗೆಮನೆಯಲ್ಲಿ ನಿಂತು ನಂದಾಯ್ತು ಅಂದಿದ್ದೆನೋ, ಲೆಕ್ಕವಿಲ್ಲ. ಮನೆಯವರು ನಂಬಿದ್ದರು, ಅಥವಾ ನಂಬಿದ ಹಾಗೆ ಇದ್ದರು. ಆ ಮ್ಯಾಗ್ನೆಟ್ ಒಂದು ವರ್ಷ ತೂಗಿದ್ದು ಒಂದೇ ಒಂದು ತಟ್ಟೆಯನ್ನು. ನನ್ನದನ್ನು.

ಸಿಟ್ಟು ಇಳಿಯಿತೆಂದಲ್ಲ. ಇನ್ನೂ ಹೆಚ್ಚಾಯಿತು. ನನ್ನ ಹಸಿವು ನನಗೆ ಗೊತ್ತಾಗುವ ಮುಂಚೆ ತರಕಾರಿಯವನಿಗೆ ಗೊತ್ತಾಗಿತ್ತಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಅಜ್ಜಿ ತನ್ನ ತಟ್ಟೆಯಿಂದ ಅರ್ಧ ನನಗೆ ಸುರಿದಳು. ಅಳುತ್ತಾ ಉಂಡೆ. ಭಾನುವಾರ ಯಾರನ್ನೂ ಮನೆಗೆ ಕರೆಯಲಿಲ್ಲ. ಆ ವಾರವಿಡೀ ತರಕಾರಿಯನ್ನು ಎರಡು ಬೀದಿ ಆಚೆಯಿಂದ ತಂದೆ.

ಮುಂದಿನ ಶನಿವಾರ ಹನ್ನೆರಡು ಹೆಂಗಸರ ಮುಂದೆ ನಿಂತು ಹಾಳೆಯ ಮೇಲಿನ 'ಆರು' ಅನ್ನು ಹೊಡೆದುಹಾಕಿ 'ಐದು' ಎಂದು ಬರೆದೆ.

"ಅಳತೆ ತಪ್ಪಾಗಿತ್ತು," ಅಂದೆ. "ಅರ್ಧ ಕೆಜಿ ಐದೇ ಜನಕ್ಕೆ. ಆರನೆಯವಳು ಅಡುಗೆ ಮಾಡೋಳು. ಅವಳನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳೂ ಉಣ್ಬೇಕು ಅಂದ್ರೆ ಇನ್ನೂರು ಗ್ರಾಂ ಜಾಸ್ತಿ ತಗೊಳ್ಳಿ. ಅಷ್ಟು ಆಗಲ್ಲ ಅಂದ್ರೆ ಎಲ್ಲರ ತಟ್ಟೆಯಿಂದ ಒಂದೊಂದು ಚಮಚ ಕಡಿಮೆ ಮಾಡಿ, ಅವಳ ತಟ್ಟೆ ಮೊದಲು ತುಂಬಿ."

ಯಾರೂ ನಗಲಿಲ್ಲ. ಟೈಲರ್ ಅಕ್ಕ ಸೂಜಿ ಚುಚ್ಚಿ ಒರಟಾದ ತನ್ನ ಬೆರಳನ್ನೇ ನೋಡುತ್ತಾ, "ಪಾತ್ರೆ ತಳ ಕೆರೆಯೋದು ನಾನೊಬ್ಬಳೇ ಅಂದ್ಕೊಂಡಿದ್ದೆ," ಅಂದಳು. ಮೇಡಂ ಹಾಳೆ ತೆಗೆದುಕೊಂಡು ಜೆರಾಕ್ಸಿಗೆ ಹೋದರು.

ಸಂಜೆ ಅವನ ಅಂಗಡಿಯ ಮುಂದೆ ಹೋಗಿ ನಿಂತೆ. ಗಡ್ಡ ಬಿಟ್ಟುಕೊಂಡು ಹಾಳಾಗಿ ಕಾಣುತ್ತಿದ್ದ. ಕೈ ಮೇಜಿನ ಕೆಳಗೆ ಹೋಗಲಿಲ್ಲ. ಎರಡೂ ಅಂಗೈಯನ್ನು ನನಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟು ನಿಂತ.

"ಏಳುನೂರು ಗ್ರಾಂ," ಅಂದೆ. "ಸರಿಯಾಗಿ."

ತೂಗಿದ. ದುಡ್ಡು ಕೊಟ್ಟೆ. ತೆಗೆದುಕೊಂಡ.

"ನೀನು ಎಷ್ಟು ತಿಂತೀಯ?" ಅಂದೆ.

"ಏನು?"

"ನಾಳೆ ಭಾನುವಾರ. ಏಳು ಜನಕ್ಕೆ ಅಡುಗೆ ಆಗ್ಬೇಕು. ನಿನ್ನ ಪಾಲು ನೀನೇ ತೂಗು."

ಅವನ ಎಡಗಣ್ಣು ಮೊದಲು ಮುಚ್ಚಿತು, ಆಮೇಲೆ ಬಲಗಣ್ಣು. ಆದರೆ ನಗಲಿಲ್ಲ. "ಕ್ಷಮಿಸಿಬಿಟ್ರಾ?"

"ಇಲ್ಲ. ಊಟಕ್ಕೆ ಕರೆದಿದ್ದೀನಿ, ಅಷ್ಟೇ. ಆ ಲೆಕ್ಕ ಬೇರೆ, ನಿಧಾನಕ್ಕೆ ನೋಡೋಣ."

ಅವನು ಬುಟ್ಟಿಗೆ ಕೈ ಹಾಕಿ, ಆರಿಸಿ ಆರಿಸಿ, ಅಂಗೈಯೊಳಗೆ ಮುಚ್ಚಿಹೋಗುವಂಥ ಒಂದೇ ಒಂದು ಪುಟಾಣಿ ಆಲೂಗಡ್ಡೆ ತೆಗೆದು ತಟ್ಟೆಯಲ್ಲಿಟ್ಟ.

"ಇಷ್ಟು ಸಾಕು ನನಗೆ," ಅಂದ. "ನಂದು ಹೇಗೂ ಆಗಿರುತ್ತೆ."

ಅಡುಗೆಮನೆಯಲ್ಲಿ ನಿಂತು ನಾನು ಹೇಳುತ್ತಿದ್ದ ಮಾತೇ ಅದು.

"ಮತ್ತೆ ಸುಳ್ಳು ತೂಕ," ಅಂದೆ. "ಸರಿಯಾಗಿ ತೂಗು. ನೋಡ್ತಾ ನಿಂತಿದ್ದೀನಿ."

ಅವನು ಇನ್ನೊಂದು ಆಲೂಗಡ್ಡೆ ಇಟ್ಟ. ಮತ್ತೊಂದು ಇಟ್ಟ. ತಕ್ಕಡಿಯ ಮುಳ್ಳು ಎಲ್ಲಿಗೆ ಬಂದು ನಿಂತಿತೋ ನನಗೆ ಗೊತ್ತಿಲ್ಲ, ನಾನು ಅದನ್ನು ನೋಡುತ್ತಿರಲಿಲ್ಲ.