ಮೌಲಾಬಿ ಒಲ್ಲೆ ಎಂದ ಕೂದಲು

“ಇದನ್ನ ನಾ ಒಯ್ಯಂಗಿಲ್ಲವ್ವ” ಎಂದು ಮೌಲಾಬಿ ಪ್ಲಾಸ್ಟಿಕ್ ಚೀಲವನ್ನು ವಾಪಸ್ ಕೊಟ್ಟಳು.

ಮಲ್ಲೇಶ್ವರಿಗೆ ನಂಬಲಾಗಲಿಲ್ಲ. ಕೂದಲು ಕೊಂಡು ಪಾತ್ರೆ ಕೊಡುವ ಮೌಲಾಬಿ ತಿಂಗಳಿಗೊಮ್ಮೆ ಶಹಾಪುರದ ಅವರ ಓಣಿಗೆ ಬರುತ್ತಾಳೆ. ಬಾಚುವಾಗ ಉದುರಿದ ಕೂದಲನ್ನು ಹೆಂಗಸರು ಉಂಡೆ ಸುತ್ತಿ ಗೋಡೆಯ ಗೂಡಿನಲ್ಲಿ ತುರುಕಿಟ್ಟಿರುತ್ತಾರೆ. ಮೌಲಾಬಿ ಅದನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಸ್ಟೀಲ್ ಬಟ್ಟಲನ್ನೋ ಕ್ಲಿಪ್ಪನ್ನೋ ಕೊಡುತ್ತಾಳೆ. ಅಜ್ಜಿಯರ ಬಿಳಿ ಕೂದಲನ್ನೂ ಅವಳು ಬೇಡ ಅಂದವಳಲ್ಲ. ಈಗ ನೋಡಿದರೆ ಆರನೇ ಕ್ಲಾಸಿನ ಹುಡುಗಿಯ ಕರಿ ಕೂದಲು ಬೇಡವಂತೆ!

ಅವ್ವನ ಉಂಡೆಗೆ ಆಗಲೇ ಒಂದು ಬಟ್ಟಲು ಬಂದಿತ್ತು. ಅವ್ವ ಅದನ್ನು ತೊಳೆಯಲು ಒಳಗೆ ಹೋದ ಮೇಲೆಯೇ ಮಲ್ಲೇಶ್ವರಿ ತನ್ನ ಚೀಲ ತೆಗೆದದ್ದು. ಇಪ್ಪತ್ತು ದಿನಗಳಿಂದ ಬಾಚಣಿಗೆಗೆ ಬಂದದ್ದು, ದಿಂಬಿನ ಮೇಲೆ ಬಿದ್ದದ್ದು ಎಲ್ಲವನ್ನೂ ಅವಳು ಸ್ಕೂಲ್ ಬ್ಯಾಗಿನ ತಳದಲ್ಲಿ ಕೂಡಿಟ್ಟಿದ್ದಳು. ಮೌಲಾಬಿ ಒಯ್ದರೆ ಗುಟ್ಟೂ ಉಳಿಯಿತು, ಮೇಲೆ ಎರಡು ಕ್ಲಿಪ್ಪೂ ಬಂತು ಅಂತ ಅವಳ ಪ್ಲಾನು.

ಯಾಕೆ ಬೇಡ ಎಂದು ಅವಳು ಪಿಸುಗುಟ್ಟಿದಳು. ಆದರೆ ಮೌಲಾಬಿಗೆ ಪಿಸುಗುಟ್ಟಲು ಬರುವುದಿಲ್ಲ. ಓಣಿ ಓಣಿ ಕೂಗಿ ಕೂಗಿ ಅವಳ ದನಿಯೇ ಹಾಗಾಗಿದೆ.

“ಉದುರಿದ ಕೂದಲಿಗೆ ತುದೀಗೆ ಬಿಳೀ ಚುಕ್ಕಿ ಇರತೈತಿ, ಬೇರಿಂದು. ಇವಕ್ಕ ಎಲ್ಲೈತಿ? ಇವು ಉದುರಿಲ್ಲ, ನಡುವ ಮುರದಾವ. ಗೇಣುದ್ದ ತುಂಡು ಯಾರಿಗೆ ಬೇಕು? ತಲಿಗೆ ಏನ್ ಹಚ್ಚಿದಿ, ಖರೇ ಹೇಳು.”

ಅವ್ವ ಕರೆಮ್ಮ ಒದ್ದೆ ಕೈಯಲ್ಲೇ, ತೊಳೆದ ಬಟ್ಟಲು ಹಿಡಿದು ಹೊರಗೆ ಬಂದಳು. ಮಗಳ ತಲೆಯ ದೊಡ್ಡ ಕ್ಲಿಪ್ಪನ್ನು ಬಿಚ್ಚಿದಳು. ಕೂದಲು ಇಳಿಬಿತ್ತು, ಒಂದು ಕಡೆ ಭುಜದವರೆಗೆ, ಇನ್ನೊಂದು ಕಡೆ ಕಿವಿಯವರೆಗೆ. ಹಿಂದೆ ಇಲಿ ಕಡಿದ ಹಾಗಿತ್ತು. ಈಚೆಗೆ ಮಗಳು ತಾನೇ ಬಾಚಿಕೊಳ್ಳುತ್ತಾಳೆ, ಜಾಣೆಯಾಗಿದ್ದಾಳೆ ಎಂದು ಅವ್ವ ಓಣಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಆ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದಳು.

ಮಲ್ಲೇಶ್ವರಿಯದು ಹುಟ್ಟಾ ಗುಂಗುರು ಕೂದಲು. ಕ್ಲಾಸಿನಲ್ಲಿ ಸಾಯಿಕುಮಾರ ಎಂಬ ಹುಡುಗ ನೂಡಲ್ಸ್ ಎಂದು ಕರೆಯುತ್ತಿದ್ದ. ಆರು ತಿಂಗಳ ಹಿಂದೆ ಸುರಪುರದಲ್ಲಿ ದೊಡ್ಡಪ್ಪನ ಮಗಳ ಮದುವೆ ಬಂತು. ಆಗ ಪಕ್ಕದ ಮನೆಯ ಗುಡ್ಡಿ, ಅವ್ವನನ್ನು ಕೇಳಿಯೇ, ಅವಳ ಕೂದಲಿಗೆ ನೆಟ್ಟಗೆ ಮಾಡುವ ಕ್ರೀಮು ಹಚ್ಚಿದ್ದಳು. ಗುಡ್ಡಿ ಬಸ್ ಸ್ಟ್ಯಾಂಡ್ ಹತ್ತಿರದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಕೂದಲು ರೇಷ್ಮೆಯ ಹಾಗೆ ಜಾರತೊಡಗಿತು. ಮದುವೆ ಮನೆಯಲ್ಲಿ ಮಲ್ಲೇಶ್ವರಿ ಊಟ ಬಿಟ್ಟು ತಲೆ ಕುಣಿಸುತ್ತಲೇ ಇದ್ದಳು. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಬುಡದಿಂದ ಹೊಸ ಕೂದಲು ಗುಂಗುರು ಗುಂಗುರಾಗಿಯೇ ಬಂತು. ಆಗ ಅವಳು ಅವ್ವನಿಗೆ ಹೇಳದೆ ಗುಡ್ಡಿಯ ಕಡೆ ಹೋಗಿ ಎರಡನೇ ಸಲ ಹಚ್ಚಿಸಿಕೊಂಡಳು. ಮೊದಮೊದಲು ಏನೂ ಆಗಲಿಲ್ಲ, ಈಚೆಗೆ ಕೂದಲು ಮುರಿಯತೊಡಗಿತ್ತು.

ಅವ್ವ ಕಾಂಪೌಂಡ್ ಗೋಡೆಯಿಂದಲೇ ಗುಡ್ಡಿಯನ್ನು ಕರೆದಳು. ಗುಡ್ಡಿ ಓಡಿ ಬಂದಳು, ಚೀಲ ನೋಡಿದಳು, ತಲೆ ನೋಡಿದಳು, ನೆಲ ನೋಡುತ್ತ ನಿಂತಳು. ಎರಡನೇ ಸಲ ಕ್ರೀಮನ್ನು ಹೊಸದಾಗಿ ಬಂದ ಕೂದಲಿಗಷ್ಟೇ ಹಚ್ಚಬೇಕು ಎಂದು ಡಬ್ಬಿಯ ಚೀಟಿಯಲ್ಲಿ ಬರೆದಿತ್ತಂತೆ. ಇಂಗ್ಲಿಷ್ ಚೀಟಿ, ಸಣ್ಣ ಅಕ್ಷರ, ಹಚ್ಚುವಾಗ ಗುಡ್ಡಿ ಓದಿರಲಿಲ್ಲ.

“ನಾ ಮೆಹೆಂದಿ ಹಚ್ಚಿದಂಗ ಹಚ್ಚೀನ್ರಿ ಕಾಕಿ, ಬುಡದಿಂದ ತುದೀತನಕ” ಎಂದಳು. “ಮೆಹೆಂದಿ ಬಾಳ ಹೊತ್ತು ಬಿಟ್ಟಷ್ಟೂ ಛಲೋ ಹತ್ತತೈತಲ್ರಿ? ಅದಕ್ಕ ಒಂದು ತಾಸು ಬಿಟ್ಟೆ.”

ಇನ್ನೂ ಹತ್ತು ನಿಮಿಷ ಬಿಡು ಆಪಾ ಎಂದು ಗುಡ್ಡಿಗೆ ಹೇಳಿ, ಕೂತಲ್ಲಿಂದ ಏಳದೆ ಟಿವಿ ನೋಡುತ್ತಿದ್ದವಳು ತಾನು ಎಂದು ಮಲ್ಲೇಶ್ವರಿ ಒಪ್ಪಿಕೊಂಡಳು. ಗುಡ್ಡಿಯೊಬ್ಬಳೇ ಬೈಸಿಕೊಳ್ಳುವುದು ಅವಳಿಗೆ ಸರಿ ಕಾಣಲಿಲ್ಲ.

ಅವ್ವ ಇಬ್ಬರಿಗೂ ಸರಿಯಾಗಿ ಬೈಯಬೇಕು ಎಂದು ಉಸಿರು ಎಳೆದುಕೊಂಡಳು. ಅಷ್ಟರಲ್ಲಿ ಗುಡ್ಡಿ ತಲೆಯ ಮೇಲಿನ ಓಢಣಿ ಸರಿಸಿದಳು. ತಾನೂ ಅದೇ ಕ್ರೀಮು ಹಚ್ಚಿಕೊಂಡು ಅವಳ ಕೂದಲಿಗೂ ಅದೇ ಗತಿಯಾಗಿತ್ತು, ಹಿಂದೆ ಇಲಿ ಬಾಲದಷ್ಟು ಉಳಿದಿತ್ತು. ಮೌಲಾಬಿ ತಕ್ಕಡಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. ಅವ್ವನ ಬೈಗುಳ ಗಂಟಲಲ್ಲೇ ಉಳಿದು, ಅವಳೂ ಸೆರಗು ಬಾಯಿಗಿಟ್ಟುಕೊಂಡಳು.

ಅಪ್ಪ ದ್ಯಾವಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದ. ಅವನ ತಲೆಯಲ್ಲಿ ಕೂದಲೇ ಇಲ್ಲದ್ದರಿಂದ ಈ ವಿಷಯದಲ್ಲಿ ಬಾಯಿ ಹಾಕುವ ಧೈರ್ಯ ಮಾಡಲಿಲ್ಲ.

ನಗದೆ ನಿಂತವಳು ಮಲ್ಲೇಶ್ವರಿ ಒಬ್ಬಳೇ. ನಾಳೆ ಸೋಮವಾರ ಸ್ಕೂಲಿನಲ್ಲಿ ವಾರ್ಷಿಕೋತ್ಸವದ ಗ್ಯಾದರಿಂಗ್ ಇತ್ತು. ಅವಳದು ಗ್ರೂಪ್ ಡ್ಯಾನ್ಸ್, ಆರು ಹುಡುಗಿಯರು. ಎಲ್ಲರೂ ಕೂದಲು ಬಿಚ್ಚಿಕೊಂಡು ಬರಬೇಕು ಎಂದು ಅಂಬರೀನ ಟೀಚರ್ ಹೇಳಿದ್ದರು. ಉಳಿದ ಐವರ ಕೂದಲೂ ನೆಟ್ಟಗೆ, ನಡುವಿನ ತನಕ. ಗುಡ್ಡಿಯ ಮನೆಯಲ್ಲಿ ಇನ್ನೊಂದು ಡಬ್ಬಿ ಕ್ರೀಮ್ ಇದೆ ಎಂಬುದು ಅವಳಿಗೆ ಗೊತ್ತಿತ್ತು.

“ಇದೊಂದ ಸಲ ಹಚ್ಚಲಿ ಅವ್ವ. ಆಮ್ಯಾಲ ಎಂದೂ ಕೇಳಂಗಿಲ್ಲ.”

ಅವ್ವ ಏನಾದರೂ ಹೇಳುವ ಮೊದಲೇ ಮೌಲಾಬಿ ಹುಡುಗಿಯನ್ನು ಹತ್ತಿರ ಕೂಡಿಸಿಕೊಂಡಳು. ತುದಿಯ ನೆಟ್ಟನೆಯ ಕೂದಲು ಒಂದನ್ನು ಅವಳ ಬೆರಳಿಗೆ ಸಿಗಿಸಿ ಜಗ್ಗು ಎಂದಳು. ಜಗ್ಗಿದ್ದೇ ತಡ, ಪಟ್ ಎಂದು ತುಂಡಾಯಿತು. ಆಮೇಲೆ ಬುಡದಲ್ಲಿ ಹೊಸದಾಗಿ ಬಂದ ಎರಡು ಬೆರಳು ಅಗಲದ ಗುಂಗುರನ್ನು ಹಿಡಿಸಿದಳು. ಮಲ್ಲೇಶ್ವರಿ ಜಗ್ಗಿದಳು. ಅದು ಉದ್ದಕ್ಕೆ ಬಂತು, ಬಿಟ್ಟ ಕೂಡಲೇ ಸರಕ್ಕನೆ ಸುರುಳಿಯಾಗಿ ಜಾಗಕ್ಕೆ ಹೋಯಿತು. ಮತ್ತೆ ಜಗ್ಗಿದಳು. ಮತ್ತೆ ಹೋಯಿತು. ಐದಾರು ಸಲ ಮಾಡಿ ನೋಡಿದಳು.

“ಇಷ್ಟು ಗಟ್ಟಿ ಕೂದಲ ಇಟಗೊಂಡು ಅದಕ್ಯಾಕ ಇಷ್ಟು ಜುಲುಮ ಮಾಡಿದೆವ್ವ?” ಎಂದು ಅವ್ವ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದಳು.

ಅಷ್ಟಕ್ಕೇ ಮಲ್ಲೇಶ್ವರಿಗೆ ಅಳು ಬಂತು. ಸಾಯಿಕುಮಾರನ ಹೆಸರು ಹೇಳಬೇಕು ಎಂದುಕೊಂಡಿದ್ದಳು. ಬಾಯಿಗೆ ಬಂದದ್ದೇ ಬೇರೆ.

“ನೀನ ದಿನಾ ಬೈತಿದ್ದಿ. ಏನ್ ಸುಡುಗಾಡು ಕೂದಲೋ, ಯಾರ್ದು ಬಂದಾವೋ ಅಂತ. ನೆಟ್ಟಗ ಆದ್ರ ಬೈಯಂಗಿಲ್ಲ ಅಂದ್ಕೊಂಡೆ.”

ಅವ್ವ ಮಗಳ ಮುಖವನ್ನೇ ನೋಡಿದಳು. ಕೈಯಲ್ಲಿದ್ದ ಹೊಸ ಬಟ್ಟಲನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಅಪ್ಪ ಪೇಪರಿನ ಪುಟ ತಿರುವುವುದನ್ನೂ ನಿಲ್ಲಿಸಿದ.

ಮೌಲಾಬಿ ಗಂಟು ಕಟ್ಟಿಕೊಂಡು ಎದ್ದಳು. ಗುಂಗುರು ಕೂದಲನ್ನು ಒಣಗಿದಾಗ ಬಾಚಬಾರದು, ಒದ್ದೆ ಇದ್ದಾಗ, ಮೊದಲು ಬೆರಳಿನಿಂದ, ಕೆಳಗಿನಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು ಎಂದು ಅವ್ವನಿಗೆ ಹೇಳಿದಳು. ಹೋಗುವಾಗ ಹುಡುಗಿಯ ಕೈಗೆ ಎರಡು ಕ್ಲಿಪ್ಪನ್ನು ಪುಕ್ಕಟೆ ಇಟ್ಟಳು.

ಆ ಮಧ್ಯಾಹ್ನವೆಲ್ಲ ಮಲ್ಲೇಶ್ವರಿ ಕನ್ನಡಿಯ ಮುಂದೆ ಕಳೆದಳು. ನೆಟ್ಟನೆಯ ತುದಿಯನ್ನು ಕೈಯಲ್ಲಿ ಮುಚ್ಚಿ ಬುಡವನ್ನು ನೋಡಿದಳು. ಬುಡವನ್ನು ಮುಚ್ಚಿ ತುದಿಯನ್ನು ನೋಡಿದಳು. ಕತ್ತರಿಸಿದರೆ ತಲೆ ಗಂಡು ಹುಡುಗರ ತಲೆಯಷ್ಟೇ ಆಗುತ್ತದೆ. ಬಿಟ್ಟರೆ ದಿನವೂ ಒಂದಿಷ್ಟು ಮುರಿಯುತ್ತದೆ. ನಾಳೆ ಒಂದು ದಿನ ಮುಗಿಯಲಿ, ಆಮೇಲೆ ಕತ್ತರಿಸೋಣ ಎಂದು ಒಮ್ಮೆ ಅಂದುಕೊಂಡಳು. ಆದರೆ ಡ್ಯಾನ್ಸಿನಲ್ಲಿ ಜೋರಾಗಿ ತಿರುಗುವ ಸ್ಟೆಪ್ಪು ನೆನಪಾಯಿತು. ಎಲ್ಲಿ ಸ್ಟೇಜಿನ ಮೇಲೇ ಉದುರಿಬಿಟ್ಟರೆ ಎಂದು ಯೋಚಿಸಿ ಅವಳಿಗೇ ನಗು ಬಂತು.

ಸಂಜೆ ಅವಳೇ ಗೋಡೆಯ ಹತ್ತಿರ ಹೋಗಿ ಗುಡ್ಡಿಯನ್ನು ಕತ್ತರಿ ತರಲು ಹೇಳಿದಳು. ಟೀಚರ್ ಏನಂತಾರೋ ಎಂಬ ಅಂಜಿಕೆ ಮಾತ್ರ ಹೋಗಿರಲಿಲ್ಲ.

“ಟೀಚರ್ ಕೂದಲ ಬಿಚ್ಚಿ ಬರ್ರಿ ಅಂದಾರ” ಎಂದಳು ಗುಡ್ಡಿ. “ನೆಟ್ಟಗ ಮಾಡಿಸಿ ಬರ್ರಿ ಅಂದಾರೇನು?”

ಅಂಗಳದಲ್ಲಿ ಸ್ಟೂಲ್ ಹಾಕಿ, ಕೊರಳಿಗೆ ಟವೆಲ್ ಸುತ್ತಿ, ಗುಡ್ಡಿ ಈ ಸಲ ಆತುರ ಮಾಡದೆ ಕತ್ತರಿಸಿದಳು. ಕತ್ತರಿ ಮೊದಲ ಸಲ ಕಚಕ್ ಎಂದಾಗ ಮಲ್ಲೇಶ್ವರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮುಗಿದ ಮೇಲೆ ತಲೆ ಎಷ್ಟು ಹಗುರಾಗಿತ್ತೆಂದರೆ ಎರಡು ಸಲ ಅಲ್ಲಾಡಿಸಿ ನೋಡಿದಳು. ಗುಡ್ಡಿ ಮರುಕ್ಷಣವೇ ತಾನೂ ಸ್ಟೂಲಿನ ಮೇಲೆ ಕೂತು, ಕಾಕಿ, ಈಗ ನಂದು ಕತ್ತರಿಸ್ರಿ ಎಂದು ಕತ್ತರಿಯನ್ನು ಅವ್ವನ ಕೈಗೆ ಕೊಟ್ಟಳು.

ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಮಲ್ಲೇಶ್ವರಿ ಅವ್ವನ ಮುಂದೆ ಕೂತಳು. ಅವ್ವ ಬಾಚಣಿಗೆಯನ್ನು ಪಕ್ಕಕ್ಕಿಟ್ಟು ಬೆರಳಿನಿಂದಲೇ ಶುರು ಮಾಡಿದಳು. ಒಂದೊಂದೇ ಸುರುಳಿ, ಒಂದೊಂದೇ ಸಿಕ್ಕು. ನಡುನಡುವೆ ತಲೆಯೆತ್ತಿ ಗೋಡೆಯ ಗಡಿಯಾರ ನೋಡುತ್ತಿದ್ದಳು. ಅವಳು ಹತ್ತಿರದ ಸಗರದಲ್ಲಿ ಅಂಗನವಾಡಿ ಟೀಚರು. ಎಂಟೂವರೆಯ ಬಸ್ಸು ಹಿಡಿಯಬೇಕು.

ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿತು. ಅವ್ವನ ಬೆರಳು ಒಂದು ಗಳಿಗೆ ನಿಂತವು.

“ಅವ್ವ, ಬಸ್ಸು ಬಂತು” ಎಂದಳು ಮಲ್ಲೇಶ್ವರಿ.

“ಹೋಗಲಿ ಬಿಡು, ಒಂಬತ್ತಕ್ಕ ಇನ್ನೊಂದೈತಿ. ನೀ ಅಲಗ್ಯಾಡಬ್ಯಾಡ.”

ಬಸ್ಸು ಓಣಿಯ ಬಾಯಿ ದಾಟಿ ಹೋದ ಸದ್ದು ಕೇಳಿಸಿತು. ಅವ್ವನ ಬೆರಳು ಮತ್ತೆ ಮೆಲ್ಲಗೆ ಓಡಾಡತೊಡಗಿದವು. ಸ್ವಲ್ಪವೂ ನೋಯಲಿಲ್ಲ. ಮಲ್ಲೇಶ್ವರಿ ಗಡಿಯಾರ ನೋಡಿದಳು. ಒಂದನೇ ಕ್ಲಾಸಿನಿಂದ ಅವ್ವ ದಿನಾ ತನ್ನ ತಲೆ ಬಾಚಿದ್ದು ಇದೇ ಹೊತ್ತಿಗೆ, ಈ ಹಾರ್ನು ಕೇಳುವುದರೊಳಗೆ. ಬಾಚಣಿಗೆ ಅಷ್ಟು ಜೋರಾಗಿ ಓಡುತ್ತಿದ್ದದ್ದು ಯಾಕೆ, ಅವ್ವನ ಬಾಯಿ ಅದರ ಜೊತೆ ಓಡುತ್ತಿದ್ದದ್ದು ಯಾಕೆ ಎಂದು ಅವಳಿಗೆ ಈಗ ತಿಳಿಯಿತು.

ಅವಳು ಹಿಂದೆ ಸರಿದು ಅವ್ವನ ಮೊಣಕಾಲಿಗೆ ಒರಗಿ ಕೂತಳು.