ರಕ್ತ ಹೀರದ ಚಾಪೆ

ಬೆಳಗ್ಗೆ ಏಳು ಗಂಟೆಗೆ ಚಾಪೆ ಕಾರ್ಖಾನೆಯ ಕಾವಲುಗಾರ ಏದುಸಿರು ಬಿಡುತ್ತ ಠಾಣೆಗೆ ಬಂದ. ಮೇಸ್ತ್ರಿಯನ್ನು ಯಾರೋ ಕೊಂದಿದ್ದಾರೆ ಎಂದ. ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರ್, ದಫೇದಾರನೊಂದಿಗೆ ಸ್ಥಳಕ್ಕೆ ಹೊರಟರು.

ನೂಲಿನ ಗಿರಣಿಗಳು ಬಿಸಾಡುವ ಹತ್ತಿಕಸವನ್ನು ಸೀಳಿ, ಮದ್ದು ಹಾಕಿ, ಸಮುದ್ರದಲ್ಲಿ ಚೆಲ್ಲಿದ ಎಣ್ಣೆಯನ್ನು ಹೀರುವ ಚಾಪೆ ತಯಾರಿಸುವ ಜಾಗ ಅದು. ಸೀಳುವ ಯಂತ್ರದ ಪಕ್ಕದಲ್ಲಿ ಮೇಸ್ತ್ರಿ ಅಂಗಾತ ಬಿದ್ದಿದ್ದ. ಕಬ್ಬಿಣದ ಸಲಾಕೆಯ ಏಟಿಗೆ ಮುಖದ ಗುರುತೇ ಸಿಗುತ್ತಿರಲಿಲ್ಲ. ಹಲ್ಲುಗಳು ಹತ್ತಿಕಸದಲ್ಲಿ ಚದುರಿದ್ದವು. ಬಲಗೈ ಮೊಣಕೈವರೆಗೆ ಜಜ್ಜಿಹೋಗಿತ್ತು.

"ಸತ್ತ ಮೇಲೂ ಹೊಡ್ದಿದಾನೆ ಸಾರ್," ಎಂದ ದಫೇದಾರ.

ಪಂಚನಾಮೆ ನಡೆಯಿತು. ನೆಲ ಒರೆಸಿ ಎಸೆದಿದ್ದ ನಾಲ್ಕಾರು ಚಾಪೆಗಳು ಅಲ್ಲೇ ಬಿದ್ದಿದ್ದವು. ಯಂತ್ರದಿಂದ ಸೋರಿದ ಎಣ್ಣೆಯನ್ನೆಲ್ಲ ಅವು ಕುಡಿದಿದ್ದವು. ರಕ್ತ ಮಾತ್ರ ನೆಲದ ತುಂಬ ಬಳಿದುಕೊಂಡಿತ್ತು. ಇನ್‌ಸ್ಪೆಕ್ಟರ್ ಹೊಸ ಚಾಪೆಯೊಂದರ ಮೇಲೆ ನೀರು ಸುರಿದರು. ನೀರು ಹನಿಹನಿಯಾಗಿ ಉರುಳಿಹೋಯಿತು.

"ಇದೇನಮ್ಮ, ಹೀರೋ ಚಾಪೆ ಅಂತೀರಿ?"

"ಎಣ್ಣೆ ಮಾತ್ರ ಸಾರ್," ಎಂದಳು ಕೆಲಸಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದ ಚಾಪೆ ಹೊಲಿಯುವ ಹೆಂಗಸು. "ನೀರು ಮುಟ್ಟಲ್ಲ. ಇಲ್ಲಿ ಕೆಲಸ ಮಾಡೋರಿಗೆಲ್ಲ ಗೊತ್ತು."

"ಒರೆಸಿದವನಿಗೆ ಗೊತ್ತಿಲ್ಲ. ನಿನ್ನೆ ಹೊರಗಿನೋರು ಯಾರು ಬಂದಿದ್ರು?"

"ಹತ್ತಿಕಸ ತರೋ ಲಾರಿ ಡ್ರೈವರ್ ಒಬ್ಬನೇ," ಎಂದ ಕಾವಲುಗಾರ. "ಎಲ್ರೂ ಹೋದ್ಮೇಲೆ ಮೇಸ್ತ್ರಿ ಜೊತೆ ನಿಂತಿದ್ದ. ಮೆಷಿನ್ ಓಡ್ತಿತ್ತು, ಗೇಟಿಗೆ ಏನೂ ಕೇಳಿಸಲಿಲ್ಲ. ಮೇಸ್ತ್ರಿ ಮಲಗೋದೂ ಇಲ್ಲೇ, ಅದಕ್ಕೆ ನಾನು ಒಳಗೆ ಬರಲಿಲ್ಲ."

ಹೆಂಗಸು ತಲೆ ತಗ್ಗಿಸಿದಳು. "ಆ ಡ್ರೈವರನ ತಮ್ಮ ಇಲ್ಲಿ ಕೆಲಸಕ್ಕೆ ಸೇರಿ ವಾರ ಆಗಿರಲಿಲ್ಲ ಸಾರ್. ಇದೇ ಮೆಷಿನ್ನಿಗೆ ಕೈ ಹೋಯ್ತು. ಬಲಗೈ."

"ಇಷ್ಟೊತ್ತಿಗೆ ಕಂಬಿ ಕಿತ್ತಿರ್ತಾನೆ," ಎಂದ ದಫೇದಾರ ಜೀಪು ಹತ್ತುತ್ತ.

ಡ್ರೈವರ್ ಎಲ್ಲಿಗೂ ಹೋಗಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಅವನ ಅಂಗಿಯ ಗುಂಡಿ ಹಾಕುತ್ತಿದ್ದ. ಪೊಲೀಸರನ್ನು ಕಂಡು, "ಇನ್ನೆರಡು ಗುಂಡಿ ಇದೆ ಸಾರ್," ಎಂದ. ಇನ್‌ಸ್ಪೆಕ್ಟರ್ ಕಾದರು. ದಫೇದಾರ ಮಂಚದಡಿಯಿಂದ ರಕ್ತ ಮೆತ್ತಿದ ಪ್ಯಾಂಟು ಎಳೆದ. ಬಂಧಿಸುವಾಗ ಡ್ರೈವರ್ ತಕರಾರು ಮಾಡಲಿಲ್ಲ.

ಠಾಣೆಯಲ್ಲಿ ಹೇಳಿಕೆ ಪಡೆದರು.

"ತಮ್ಮನ ಕೈ ಹೋಯ್ತು ಅಂತ ಕೊಂದ್ಯಾ?"

"ಅಲ್ಲ ಸಾರ್. ಬೆರಳು ಸಿಕ್ಕಾಗಲೇ ಅವನು ಕಿರುಚಿದ್ದ. ಮೇಸ್ತ್ರಿ ಸ್ವಿಚ್ಚಿನ ಪಕ್ಕದಲ್ಲೇ ಇದ್ದ. ಯಾಕಣ್ಣ ಆರಿಸಲಿಲ್ಲ ಅಂತ ಕೇಳ್ದೆ, ಅಷ್ಟೇ."

"ಏನಂದ?"

"ನಿಲ್ಸಿದ್ರೆ ಒಳಗಿನ ಮಾಲೆಲ್ಲ ಗಂಟಾಗಿ ಕೆಡ್ತಿತ್ತು ಅಂದ."

ಇನ್‌ಸ್ಪೆಕ್ಟರ್ ಅದನ್ನು ಅವನ ಮಾತಿನಲ್ಲೇ ಬರೆದುಕೊಂಡರು.

"ಎಷ್ಟು ಏಟು ಹೊಡೆದೆ?"

"ಲೆಕ್ಕ ಇಡಲಿಲ್ಲ ಸಾರ್. 'ನಿಲ್ಸು, ನಿಲ್ಸು' ಅಂತ ಅವನೂ ಕಿರುಚಿದ. ನನಗೆ ಚೆನ್ನಾಗೇ ಕೇಳಿಸ್ತಿತ್ತು."