ಟಿಂಚರ್ ಕಲೆಯಿಲ್ಲದ ನಲವತ್ತು ನೋಟು

"ನಲವತ್ತೂ ಖೋಟಾ ನೋಟು, ಮೇಡಂ. ತಂದಾಕಿ ಇಕಿನ."

ಕೊಟ್ಟೂರಿನ ಒಂದು ಸಹಕಾರ ಸಂಘದಲ್ಲಿ ಕ್ಯಾಷಿಯರ್ ಅರುಣಕುಮಾರ್ ಐನೂರರ ಕಂತೆಯನ್ನು ನನ್ನ ಮುಂದೆ ಎಸೆದ. ಕೌಂಟರಿನ ಈಚೆ ಗುಡೇಕೋಟೆಯ ಕುರಿಗಾಹಿ ಜಂಬಕ್ಕ ನಿಂತಿದ್ದಳು. ಟಗರು ಮಾರಿದ ದುಡ್ಡನ್ನು ಖಾತೆಗೆ ಕಟ್ಟಲು ಬಂದವಳು. ಖೋಟಾ ನೋಟೆಂದರೆ ಜೈಲು. ಸಬ್ ಇನ್ಸ್‌ಪೆಕ್ಟರಾದ ನಾನು ಅವಳನ್ನು ಜೀಪು ಹತ್ತಿಸಲು ಬಂದಿದ್ದೆ.

"ಯಾರು ಕೊಟ್ಟಿದ್ದು ನಿನಗೆ?"

"ವ್ಯಾಪಾರಿ ಅಂಜಿನೇಯಲು ಕೊಟ್ಟಾನ್ರಿ. ಒಂದೊಂದ ಎಣಿಸಿ ಈ ಸಾಹೇಬ್ರ ಕೈಗೆ ಇಟ್ಟೀನಿ. ಮಷಿನ್ನಿಗೆ ಹಾಕ್ತೀನಂತ ಒಳಗ ಒಯ್ದ್ರು."

"ಹಂಗಾದ್ರ ವ್ಯಾಪಾರಿನ ಕಳ್ಳ," ಅರುಣಕುಮಾರ್ ಅಂದ. "ಇಲ್ಲಾ ಇಬ್ರೂ ಸೇರ್ಯಾರ."

ನನಗೂ ಹಾಗೇ ಅನ್ನಿಸಿತ್ತು. ಆಗ ಸಾಲಿನಲ್ಲಿದ್ದ ಓಬಳೇಶಪ್ಪನವರು ಮುಂದೆ ಬಂದರು. ನೋಟಿನ ಕಾಗದ ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಸಿಟ್ಟಿಗೆ ಮುಖ ಕೆಂಪಾಗಿತ್ತು.

"ಯವ್ವಾ, ಬೆರಳಿಗೆ ಏನದು ಬಣ್ಣ?"

"ಟಿಂಚರ್ ಅಯೋಡಿನ್ ರಿ. ಈಗ ಒಳಗ ಬರೋ ಮುಂದ, ಇಲ್ಲೇ ಸಂಘದ ಬಾಗಿಲ ಮುಂದ ಕುರಿ ಗೊರಸಿನ ಹುಣ್ಣಿಗೆ ಹಚ್ಚಾಗ ಬಾಟ್ಲಿ ಸೋರ್ತು. ಹಸಿ ಕೈಲೇ ಎಣಿಸೀನಿ."

ಅವರು ಬಾಟ್ಲಿ ಇಸಿದುಕೊಂಡು ಖೋಟಾ ನೋಟಿನ ಮೇಲೆ ಒಂದು ಹನಿ ಬಿಟ್ಟರು. ಕ್ಷಣದಲ್ಲಿ ಕಪ್ಪಾಯಿತು. ತಮ್ಮ ಜೇಬಿನ ನೋಟಿಗೂ ಬಿಟ್ಟರು. ಬರೀ ಕಂದು ಕಲೆ.

"ನೋಡ್ರಿ ಮೇಡಂ. ನೋಟಿನ ಕಾಗದ ಹತ್ತಿ ಅರದು ಮಾಡೋದು, ಗಂಜಿ ಇರಂಗಿಲ್ಲ. ಅಂಗಡಿ ಕಾಗದಕ್ಕ ಗಂಜಿ ಇರ್ತೈತಿ, ಟಿಂಚರ್ ತಾಕಿದ್ರ ಕಪ್ಪಾಗ್ತೈತಿ. ಇಕಿ ಹಸಿ ಕೈಲೆ ಎಣಿಸ್ಯಾಳ. ಈ ಕಂತಿಯಾಗ ಮತ್ತೊಂದಾರ ಕಪ್ಪು ಕಲಿ ಐತೇನು?"

ಕಂತೆ ಹರಡಿದೆ. ಒಂದೂ ಇರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು. ಆ ಕೈ ಇಷ್ಟು ಹೊತ್ತೂ ನನ್ನ ಕಣ್ಣೆದುರೇ ಇತ್ತು.

"ಅಂದ್ರ ಈ ನೋಟು ಇಕಿ ಮುಟ್ಟೇ ಇಲ್ಲ. ವ್ಯಾಪಾರಿ ಕೊಟ್ಟಿದ್ರೂ ಇಕಿ ಕೈ ದಾಟೇ ಬರಬೇಕಿತ್ತು. ಬದ್ಲಾಗಿದ್ದು ಒಳಗಿನ ಕೋಣಿಯಾಗ. ಅಲ್ಲಿಗೆ ಹೋದಾವ ಒಬ್ಬನ— ಅರುಣಕುಮಾರ್."

"ಏನ್ ಮಾತಾಡ್ತೀರಿ ಅಜ್ಜಾರ—"

ನಾನು ಒಳಗೆ ಹೋಗಿ ಅವನ ಬ್ಯಾಗು ಸುರಿದೆ. ಐನೂರರ ನಲವತ್ತು ನೋಟು, ಅಂಚಿಗೆಲ್ಲ ಕಂದು ಬೆರಳಚ್ಚು.

"ಕುರಿ ಕಾಯಾಕಿ, ಇಕಿ ಮಾತು ಯಾರು ಕೇಳ್ತಾರ ಅನ್ಕಂಡೇನಲೇ?" ಓಬಳೇಶಪ್ಪನವರು ಅವನನ್ನು ಗದರಿದರು.

ಅರುಣಕುಮಾರನನ್ನು ಜೀಪಿಗೆ ಕಳಿಸಿದೆ. ಕುರ್ಚಿ ಎಳೆದು, "ಕೂತ್ಕೊಳ್ಳಿ ಅಮ್ಮಾ" ಎಂದೆ.

ಜಂಬಕ್ಕ ಕೂರಲಿಲ್ಲ.

"ಒಂದು ತಾಸಿನಿಂದ ನಿಂತೀನ್ರಿ. ಕಳ್ಳಿ ಅಲ್ಲ ಅಂತ ಗೊತ್ತಾದ ಮ್ಯಾಲ ಕುರ್ಚಿ ಬಂತೇನು?"